ಬಾಜು ಮನೆಯ ಕಾಕು ಮತ್ತು ಗಡಿಯಾಚೆಯ ಕಾಗದ

ಮೊನ್ನೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕುಳಿತಿದ್ದ ಮೊಮ್ಮಗಳು ನನ್ನ ರಟ್ಟೆಯ ಮೇಲಿನ ಗುಂಡನೆಯ ಕಲೆ ಮುಟ್ಟಿ ಇದೇನೆಂದು ಕೇಳಿದಳು. ದೇವಿ ಹಾಕಿಸಿಕೊಂಡ ಗುರುತು, ಆಗ ಸಿಡುಬು ಬರಬಾರದೆಂದು ಹಾಕುತ್ತಿದ್ದ ಲಸಿಕೆ ಎಂದೆ. ಉಳಿದದ್ದನ್ನು ಹೇಳಲಾಗಲಿಲ್ಲ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಯರಗುಪ್ಪಿಗೆ ಬಂದ ನನಗೆ ರೊಟ್ಟಿ ಬಡಿಯುವುದರಿಂದ ಹಿಡಿದು ಕೂಸಿಗೆ ಎರೆಯುವವರೆಗೆ ಎಲ್ಲ ಕಲಿಸಿದವಳು ಬಾಜು ಮನೆಯ ಕಾಕು. ಗಂಡನಿಲ್ಲದ ಹೆಂಗಸು. ಮಗಳು, ಅಳಿಯ ಮಹಾರಾಷ್ಟ್ರದಲ್ಲಿ ಆಣೆಕಟ್ಟಿನ ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಬಂದು, ತಮ್ಮ ನಾಲ್ಕು ವರ್ಷದ ಮಗಳನ್ನು ಕಾಕುವಿನ ಹತ್ತಿರ ಬಿಟ್ಟು, ಮರುದಿನವೇ ತಿರುಗಿ ಹೋದರು. ಮೂರನೆಯ ದಿನ ಹುಡುಗಿಗೆ ಜ್ವರ. ಆಮೇಲೆ ಮುಖದ ತುಂಬ ಗುಳ್ಳೆ.

ಹಿತ್ತಲ ಗೋಡೆಯಾಚೆ ಹುಡುಗಿಯನ್ನು ನಾನು ನೋಡಿಬಿಟ್ಟೆ. ಕಾಕು ನನ್ನ ಕೈ ಹಿಡಿದಳು.

“ಯಾರ ಮುಂದೂ ಹೇಳಬ್ಯಾಡವಾ. ಹುಡುಗೀನ ದವಾಖಾನಿಗೆ ಒಯ್ದುಬಿಡ್ತಾರ.”

ಆಣೆ ಮಾಡಿದೆ. ನನ್ನ ಮಗನಿಗಾಗ ಐದು ತಿಂಗಳು; ಇನ್ನೂ ದೇವಿ ಹಾಕಿಸಿರಲಿಲ್ಲ. ಎರಡು ದಿನ ಅವನ ಮೈ ಮುಟ್ಟಿ ಮುಟ್ಟಿ ನೋಡಿದೆ. ಗಾಳಿ ಆ ಕಡೆಯಿಂದ ಬೀಸಿದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಆರೋಗ್ಯ ಇಲಾಖೆಯವರೊಬ್ಬರು ಕಾಕುವಿನ ಮನೆಗೆ ಬಂದರು. ಆಣೆಕಟ್ಟಿನ ಹತ್ತಿರ ಸಿಡುಬು ಎದ್ದಿದೆ, ಅಲ್ಲಿಂದ ಊರಿಗೆ ಹೋದವರ ಹೆಸರು ಬರೆದು ಆ ರಾಜ್ಯದವರು ನಮ್ಮ ರಾಜ್ಯಕ್ಕೆ ಕಾಗದ ಕಳಿಸಿದ್ದಾರೆ ಎಂದರು. ಕಾಕು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಎರಡು ಸರಕಾರ ಕೂಡಿ ನನ್ನ ಮೊಮ್ಮಗಳನ್ನ ಹುಡುಕಾಕ ಹತ್ಯಾವೇನ್ರಿ?” ಎಂದು ಕೇಳಿ, ಹುಡುಗಿ ಅವ್ವನ ಜೊತೆ ಹೋದಳೆಂದು ಸುಳ್ಳು ಹೇಳಿದಳು.

ಅವರು ನಮ್ಮ ಮನೆಯೊಳಗೆ ಬಂದು ಸಿಡುಬೆದ್ದ ಮಗುವಿನ ಚಿತ್ರ ತೋರಿಸಿ, ಇಂಥದ್ದನ್ನು ನೋಡಿದ್ದೀರಾ ಎಂದು ಕೇಳಿದರು. ತೊಡೆಯ ಮೇಲೆ ಮಗ ಮಲಗಿದ್ದ.

“ಕಾಕುನ ಮನಿ ಹಿಂದಿನ ಖೋಲ್ಯಾಗ ಹುಡುಗಿ ಐತ್ರಿ,” ಎಂದೆ.

ಹುಡುಗಿಯನ್ನು ಒಯ್ಯಲಿಲ್ಲ. ಮನೆಗೇ ಕಾವಲು ಹಾಕಿದರು. ಊರಿಗೆಲ್ಲ ದೇವಿ ಹಾಕಿದರು, ನನಗೂ ಮಗನಿಗೂ. ಎಂಟನೆಯ ದಿನ ಹುಡುಗಿ ತೀರಿಕೊಂಡಳು. ಮಣ್ಣಿಗೆ ಹೋದವರು ಇಲಾಖೆಯವರು ಮೂವರೇ. ಕಾಕು ಹೊಸ್ತಿಲು ದಾಟುವಂತಿರಲಿಲ್ಲ.

ಮತ್ತೊಬ್ಬರಿಗೆ ರೋಗ ಹರಡಲಿಲ್ಲ. ಊರು ಉಳಿಯಿತೆಂದರು. ಕಾವಲಿದ್ದಷ್ಟು ದಿನ ಆಕೆಯ ಕಟ್ಟೆಯ ಮೇಲೆ ನೀರಿನ ಕೊಡ ಇಟ್ಟು ಬರುತ್ತಿದ್ದೆ. ಒಳಗೊಯ್ಯುತ್ತಿದ್ದಳು. ಕಾವಲು ತೆಗೆದ ದಿನ ನೆಟ್ಟಗೆ ನಮ್ಮ ಮನೆಗೆ ಬಂದಳು. ಮಗನ ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

“ಕೂಸು ಆರಾಮ ಐತಲ್ಲ,” ಎಂದಳು. ಅಷ್ಟೇ.

ಒಳಗೆ ಹುಡುಗಿ ಇದ್ದದ್ದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅದು ಆಕೆಗೂ ಗೊತ್ತಿತ್ತು. ಹೇಳಿದ್ದು ಸರಿಯೆಂದು ಇವತ್ತಿಗೂ ನಂಬಿದ್ದೇನೆ. ಆದರೂ ಇಂದು ಬೈದಾಳು, ನಾಳೆ ಬೈದಾಳು ಎಂದು ಕಾಯುತ್ತ ಹನ್ನೊಂದು ವರ್ಷ ಆಕೆಯ ಬಾಜು ಬದುಕಿದೆ... ಬೈಯಲಿಲ್ಲ. ಆಕೆ ಹೋಗಿ ಎಷ್ಟೋ ವರ್ಷವಾಯಿತು, ಆ ಮನೆಯೂ ಈಗಿಲ್ಲ. ಒಂದು ಸಲ ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.