ನನ್ನ ನಾಡಿಯ ಮೇಲೆ ಮೈದುನನ ಲೆಕ್ಕ

ಮೈದುನ ಜಿಮ್ಮಿಗೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಒಂದು ತುತ್ತು ಇಳಿಯಲಿಲ್ಲ. ಗುಜರಾತಿನ ಮಂಜಲ್‌ಪುರದಲ್ಲಿ ನಮ್ಮದು ಉಡುಪಿ ಹೋಟೆಲು. ಕ್ಯಾಶಿನಲ್ಲಿ ನನ್ನ ಗಂಡ, ತರಕಾರಿ ದಿನಸಿಗೆಲ್ಲ ಓಡಾಡಲು ಮೈದುನ, ಒಲೆಯ ಮುಂದೆ ನಾನು. ಎಲ್ಲರ ಮೇಲೆ ಅತ್ತೆ. ಮಧ್ಯಾಹ್ನ ಮಕರಪುರದ ಕಾರ್ಖಾನೆಗಳವರು ಬಂದು ಮುಗಿಬೀಳುತ್ತಾರೆ. ಅವರು ಹೋದ ಮೇಲೆಯೇ ನಮ್ಮ ಊಟ.

ಮೈದುನ ಹುಟ್ಟಿ ಬೆಳೆದದ್ದು ಇಲ್ಲೇ. ಅವನ ಕನ್ನಡದಲ್ಲಿ ಹಿಂದಿಯೇ ಮುಕ್ಕಾಲು. ದಂಡಿ ದುಡ್ಡು ಸುರಿದು ಕೈಗೊಂದು ವಾಚು ತಂದಿದ್ದ, ಎದೆ ಬಡಿತ ಎಣಿಸುವಂಥದ್ದು. ಸಾಲದ್ದಕ್ಕೆ ಮೊಬೈಲಿನಲ್ಲೊಂದು ಲೆಕ್ಕ. ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ ಎಂದು ತುಂಬಿಸಿದರೆ, ಮಿಸುಕದೆ ಮಲಗಿದ್ದರೂ ಉಸಿರಾಡಲು, ರಕ್ತ ಓಡಿಸಲು, ಮೈ ಬೆಚ್ಚಗಿಡಲು ದೇಹ ಎಷ್ಟು ಕ್ಯಾಲೊರಿ ಸುಡುತ್ತದೆಂದು ಅದು ಹೇಳುತ್ತದೆ. ಮಾಡುವ ಕೆಲಸ ನೋಡಿ ಅದನ್ನು ಹೆಚ್ಚಿಸಿದರೆ ದಿನದ ಒಟ್ಟು ಖರ್ಚು. ಮನೆಮಂದಿಯೆಲ್ಲರ ಲೆಕ್ಕ ತೆಗೆದು ಕಡೆಗೆ ನನ್ನ ಬುಡಕ್ಕೆ ಬಂದ.

ಆ ವರ್ಷ ನಾನು ದಪ್ಪಗಾಗಿದ್ದೆ, ನಿಜ. ಮುಖ ಊದಿಕೊಂಡಿತ್ತು, ಕೂದಲು ಉದುರುತ್ತಿತ್ತು, ಉರಿಯುವ ಒಲೆಯೆದುರೂ ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದೆ. ಅದನ್ನು ನೋಡಿ ಅವನು ಹಲ್ಲು ಕಿಸಿಯುತ್ತಿದ್ದ. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ನನ್ನ ಲೆಕ್ಕ ಓದಿ ಹೇಳಿದ.

"ಅತ್ತಿಗೆ, ಸಿಂಪಲ್ ಹಿಸಾಬ್ ಇದು. ನಿಮ್ಮದು ಭಾರೀ ಕೆಲಸ ಅಂತಲೇ ಹಾಕಿದ್ದೇನೆ. ನೀವು ಹೇಳುವ ಹಾಗೆ ಎರಡೇ ಹೊತ್ತು ಉಂಡರೆ ಸಪೂರ ಆಗ್ಬೇಕು. ನೀವು ದಪ್ಪ ಆಗ್ತಾ ಇದ್ದೀರಿ. ಮತ್ಲಬ್, ಬಾಕಿದ್ದು ಎಲ್ಲಿಂದ ಬರ್ತಾ ಉಂಟು?"

ಮದುವೆಯಾಗಿ ಬಂದಲ್ಲಿಂದ ನನ್ನ ಕೆಲಸವನ್ನು ಭಾರೀ ಕೆಲಸವೆಂದು ಈ ಮನೆಯಲ್ಲಿ ಯಾರಾದರೂ ಒಪ್ಪಿದ್ದು ಅದೇ ಮೊದಲು. ಅದೂ ನನ್ನನ್ನು ಕಳ್ಳಿ ಮಾಡಲಿಕ್ಕೆ!

"ಎಂತ ಹೇಳ್ತಾ ಇದ್ದಿ ನೀನು?" ಎಂದೆ.

"ಅಡುಗೆ ಮಾಡ್ತಾ ಮಾಡ್ತಾ ರುಚಿ ನೋಡ್ತೀರಲ್ಲ, ಅದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಒಂದು ಚಮಚ ಇಲ್ಲಿ, ಒಂದು ಚಮಚ ಅಲ್ಲಿ. ಸಬ್ ಜುಡ್ತಾ ಹೈ, ಎಲ್ಲ ಸೇರ್ತದೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಅಡುಗೆಮನೆಯಲ್ಲಿ ರುಚಿ ನೋಡುವ ಪದ್ಧತಿಯೇ ಇಲ್ಲ. ಮೊದಲು ಬಡಿಸುವುದು ದೇವರಿಗೆ. ನೈವೇದ್ಯ ಇಟ್ಟು ಕೈ ಮುಗಿಯುವ ತನಕ ಯಾರ ನಾಲಿಗೆಗೂ ಏನೂ ತಾಗಬಾರದು. ಉಪ್ಪು ಹುಳಿ ಎಲ್ಲ ಕೈಯಂದಾಜು, ಮೂಗಿನ ಅಂದಾಜು. ಇಲ್ಲಿನವರಿಗೆಂದು ಸಾಂಬಾರಿಗೆ ಹಾಕುವ ಬೆಲ್ಲವೂ ಹಾಗೆಯೇ. ಪಟ್ಟಣದ ಹುಡುಗನಿಗೆ ಅದೆಲ್ಲ ಎಲ್ಲಿ ಗೊತ್ತು? ಆದರೆ ಅತ್ತೆಗೆ ಗೊತ್ತಿತ್ತು. ನಾನು ಕದ್ದು ತಿಂದದ್ದಲ್ಲದೆ ದೇವರಿಗೆ ಎಂಜಲು ಇಟ್ಟಿದ್ದೇನೆ ಎಂದಾಯಿತು ಅವರ ಲೆಕ್ಕದಲ್ಲಿ.

"ನಾನು ಬಾಯಿಗೆ ಹಾಕಿದವಳಲ್ಲ ಅತ್ತೆ, ದೇವರಾಣೆ," ಎಂದೆ.

"ಆಣೆ ಎಲ್ಲ ಬೇಡ. ನಾಳೆಯಿಂದ ನೈವೇದ್ಯ ನಾನೇ ಇಡ್ತೇನೆ. ನೀನು ದೇವರ ಹತ್ರ ಬರ್ಬೇಡ," ಎಂದರು ಅತ್ತೆ.

ನಾನು ಗಂಡನ ಮುಖ ನೋಡಿದೆ. ಅವರು ಮಜ್ಜಿಗೆ ಕಲಸಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

ಮೈ ಸರಿ ಇಲ್ಲ, ಎದ್ದು ನಿಲ್ಲಲೂ ಆಗುವುದಿಲ್ಲ ಎಂದೆ. ಅದಕ್ಕೂ ಮೈದುನನ ಬಳಿ ಔಷಧಿ ಇತ್ತು. ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದ. ನಲವತ್ತೊಂಬತ್ತು ತೋರಿಸಿತು. "ಅರೇ ವಾಹ್, ಓಟಗಾರರ ಹಾರ್ಟು! ಕಾಯಿಲೆ ಗೀಯಿಲೆ ಏನೂ ಇಲ್ಲ ಅತ್ತಿಗೆ, ನಾಟಕ ಬಿಡಿ," ಎಂದು ನಕ್ಕ. ಓಟಗಾರರಂತೆ! ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ನನಗೆ ಏದುಸಿರು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಮರುದಿನ ಮಧ್ಯಾಹ್ನ ಯಾರನ್ನೂ ಕೇಳದೆ ಸೌಟು ಅಲ್ಲೇ ಇಟ್ಟು ರಿಕ್ಷಾ ಹತ್ತಿದೆ. ಡಾಕ್ಟರಮ್ಮ ಗುಜರಾತಿಯವರು. ನಾಡಿ ಹಿಡಿದು, ಹುಬ್ಬು ಗಂಟಿಕ್ಕಿ, ಮತ್ತೆ ಹಿಡಿದರು. ಬಡಿತವನ್ನು ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ ನೋಡಬೇಕು ಎಂದರು. ಕೆಲಸ ಮಾಡಿ ಬಂದವರಿಗೆ ಅದು ಏರಿಯೇ ಇರುತ್ತದಂತೆ. ಮೈದುನನ ವಾಚು ತೋರಿಸಿದ್ದನ್ನು ಹೇಳಿದೆ. "ಊಟಕ್ಕೆ ಕೂತಾಗ, ಅಷ್ಟು ಹೊತ್ತು ಒಲೆ ಮುಂದೆ ನಿಂತು ಬಂದ ಮೇಲೂ ನಲವತ್ತೊಂಬತ್ತೇ? ದಿನಾ ಓಡಿ ಗಟ್ಟಿಯಾದ ಹೃದಯಕ್ಕೆ ಅದು ಸರಿ. ನಿಮ್ಮದು ಹಾಗಲ್ಲ, ಬೆನ್," ಎಂದರು, ಅಕ್ಕತಂಗಿಯರಿಗೆ ಹೇಳುವ ಹಾಗೆ. ಮೈದುನನ ಲೆಕ್ಕದ ಬಗ್ಗೆಯೂ ಕೇಳಿದೆ. ಅದು ಬರೀ ಅಂದಾಜು, ಆರೋಗ್ಯವಾಗಿದ್ದವರಿಗೆ ಮಾಡಿದ್ದು, ಕುತ್ತಿಗೆಯ ಗ್ರಂಥಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅದು ಕೇಳುವುದೇ ಇಲ್ಲ ಎಂದರು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ತೀರಾ ಕಡಿಮೆ ಎಂದು ಬಂತು. ಮೈಯ ಉರಿಯೇ ತಗ್ಗಿತ್ತು. ಅದಕ್ಕೇ ಚಳಿ, ಅದಕ್ಕೇ ನಿಧಾನದ ಬಡಿತ, ಅದಕ್ಕೇ ಊತ, ಅದಕ್ಕೇ ಎರಡೇ ಹೊತ್ತು ಉಂಡರೂ ದಪ್ಪ.

ರಿಪೋರ್ಟನ್ನು ಊಟದ ಮೇಜಿನ ಮೇಲೆ ಎಸೆದೆ. ಮೈದುನ ಓದಿ, "ನನಗೆ ಹ್ಯಾಗೆ ಗೊತ್ತಾಗ್ಬೇಕು ಅತ್ತಿಗೆ? ಫಾರ್ಮುಲಾದಲ್ಲಿ ಇದನ್ನು ಕೇಳ್ಲಿಲ್ಲ," ಎಂದು ಗೊಣಗಿದ.

"ಫಾರ್ಮುಲಾ ಕೇಳದಿದ್ರೆ ಸಾಯ್ಲಿ. ನಾನು ಬಾಯಿಬಿಟ್ಟು ಹೇಳಿದ್ನಲ್ಲ, ಅದು ನಿನ್ನ ಕಿವಿಗೆ ಬೀಳ್ಲಿಲ್ವಾ?"

ಅತ್ತೆ ದೊಡ್ಡ ಮನಸ್ಸು ಮಾಡಿದವರಂತೆ, "ಆಯ್ತು ಮಾರಾಯ್ತಿ, ಕೂಗ್ಬೇಡ. ನಾಳೆಯಿಂದ ನೈವೇದ್ಯ ನೀನೇ ಇಡು," ಎಂದರು. ನಾನು ರಿಪೋರ್ಟು ಎತ್ತಿಕೊಂಡು ಒಳಗೆ ಹೋದೆ.

ರಾತ್ರಿ ಕೋಣೆಗೆ ಬಂದ ಗಂಡ ಬಾಗಿಲು ಹಾಕಿ, ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟರು. ತುಂಬ ಮೆತ್ತಗೆ ಮಾತಾಡಿದರು.

"ನನಗೆ ಮೊದಲೇ ಗೊತ್ತಿತ್ತು. ನೀನು ಅಂಥವಳಲ್ಲ."

ಮೈದುನನಿಗೆ ಬುದ್ಧಿ ಇರಲಿಲ್ಲ, ಅತ್ತೆಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಇವರಿಗೆ ಎರಡೂ ಇತ್ತು. ಎರಡನ್ನೂ ಇಟ್ಟುಕೊಂಡು ಮಜ್ಜಿಗೆ ಅನ್ನ ಉಂಡಿದ್ದರು.

"ಕೈ ತೆಗೀರಿ," ಎಂದೆ.