ಕೊಟ್ಟವರ ಹೆಸರು

ರೇಣುವಿಗೆ ಕೈ ಮುಂದು, ಮಾತು ಹಿಂದು. ನೇಸರಗಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೈಸ್ಕೂಲಿನಲ್ಲಿ ಜಡೆ ಎಳೆದ ಹುಡುಗನ ಮೂಗೊಡೆದಿದ್ದಳು. ಬೈಲಹೊಂಗಲದ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಂತ ಗಂಡಸೊಬ್ಬನ ಬೆರಳು ತಿರುವಿ ಲಟಕ್ಕೆನ್ನಿಸಿದ್ದಳು. ಗಂಡ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸುತ್ತಿದ್ದ ತಾಯಿ ಚನ್ನವ್ವ ಆ ಸುದ್ದಿ ಕೇಳಿ ಹಣೆ ಬಡಿದುಕೊಂಡಳು. "ಇಂಥಾಕಿನ್ನ ಯಾರ ಮನಿಗೆ ಕೊಡ್ಲಿ ನಾ? ಮದುವ್ಯಾದ ಮರುದಿನಾನ ಅತ್ತೀನ್ನ ಹೊಡೀತಾಳ!"

ಇಂಥವಳು ರಸಾಯನಶಾಸ್ತ್ರಕ್ಕೆ ಹೇಗೆ ಒಲಿದಳೋ ಶಿವನೇ ಬಲ್ಲ. ಲ್ಯಾಬಿನಲ್ಲಿ ಬ್ಯುರೆಟ್ಟೆಂಬ ಗಾಜಿನ ಕೊಳವೆಯ ತಿರುಪು ಹಿಡಿದರೆ ಮಾತ್ರ ಆ ಕೈ ತಣ್ಣಗಾಗುತ್ತಿತ್ತು. ಹನಿ ಹನಿಯಾಗಿ ಬಿಡುತ್ತಾ, ಬಣ್ಣ ತಿರುಗುವ ಗಳಿಗೆಗಾಗಿ ಉಸಿರು ಹಿಡಿದು ನಿಲ್ಲುತ್ತಿದ್ದಳು. ಡಿಗ್ರಿ ಮೂರು ವರ್ಷಕ್ಕೆ ಮುಗಿಸದೆ ನಾಲ್ಕನೆಯ ವರ್ಷದ ಆನರ್ಸಿಗೆ ನಿಂತದ್ದೂ ಅದಕ್ಕೇ. ಆ ವರ್ಷ ಒಂದು ಸಂಶೋಧನೆ ಮಾಡಬೇಕು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ, ಯಾರು ಬೇಕಾದರೂ ಬಂದು ಕೂರಬಹುದಾದ ಸಭೆಯಲ್ಲಿ ಅದನ್ನು ಒಪ್ಪಿಸಬೇಕು. ಮಾರ್ಗದರ್ಶನಕ್ಕೆ ಶಾಹಿಸ್ತಾ ಮೇಡಂ ಇದ್ದರು. ವಿಷಯ ಬೆಲ್ಲ. ಬೆಲ್ಲ ಬೆಳ್ಳಗಾಗಲೆಂದು ಕುದಿಯುವ ಕೊಪ್ಪರಿಗೆಗೆ ಬಿಳಿ ಪುಡಿ ಹಾಕುತ್ತಾರಲ್ಲ, ಅದರ ಗಂಧಕ ಬೆಲ್ಲದಲ್ಲಿ ಎಷ್ಟು ಉಳಿಯುತ್ತದೆ ಎಂದು ಅಳೆಯುವುದು.

ಬೆಲ್ಲ ಕೊಳ್ಳುವ ಪ್ರಸಂಗವೇ ಬರಲಿಲ್ಲ. ನಮ್ಮ ಕಡೆ ಕಬ್ಬಿನ ಗಾಣಕ್ಕೆ ಹೋದವರನ್ನು ಬರಿಗೈಲಿ ಕಳಿಸುವುದುಂಟೇ! ಸುತ್ತಲಿನ ಗಾಣಗಳಿಗೆಲ್ಲ ಹೋಗಿ ನಿಂತಳು, ಎಲ್ಲರೂ ಕೈತುಂಬ ಬೆಲ್ಲ ಕೊಟ್ಟರು. ಸೋದರಮಾವ ಮಡಿವಾಳೆಪ್ಪನಂತೂ ಉಬ್ಬಿಹೋದ. "ನಮ್ಮ ತಂಗಿ ಮಗಳು ಸೈಂಟಿಸ್ಟ್ ಆಗ್ಯಾಳ್ರೋ," ಎಂದು ಆಳುಗಳಿಗೆ ಕೂಗಿ ಹೇಳಿ ದೊಡ್ಡದೊಂದು ಬೆಲ್ಲದ ಪೆಂಟೆಯನ್ನೇ ಹೊರಿಸಿದ.

ಅಲ್ಲೇ ಎಡವಟ್ಟಾಯಿತು. ಮಠಕ್ಕೆ ಒಂದು ಫ್ಯಾನು ಕೊಟ್ಟರೂ ಮೂರು ರೆಕ್ಕೆಯ ಮೇಲೂ ಹೆಸರು ಬರೆಸುವ ಊರು ನಮ್ಮದು. ಕೊಟ್ಟವರ ಹೆಸರು ಹಾಕದಿದ್ದರೆ ಉಂಡ ಮನೆಗೆ ಎರಡು ಬಗೆದಂತೆ. ಹಾಗಾಗಿ ಕಾಲೇಜಿನ ಪ್ರದರ್ಶನಕ್ಕೆ ಪೋಸ್ಟರ್ ಬರೆಯುವಾಗ ರೇಣು ಪ್ರತಿ ಅಂಕಿಯ ಪಕ್ಕದಲ್ಲೂ ದಪ್ಪಕ್ಷರದಲ್ಲಿ ಗಾಣದವರ ಹೆಸರು, ಊರು ಬರೆದು, ಕೆಳಗೆ 'ಇವರಿಗೆಲ್ಲ ನಮ್ಮ ಹೃತ್ಪೂರ್ವಕ ವಂದನೆಗಳು' ಎಂದಳು. ಮೇಡಂ ಕೂಡ ಅದನ್ನೋದಿ, ಚಂದ ಆಗೇತಿ ಎಂದರು. ಸರ್ಕಾರದ ಮಿತಿಗಿಂತ ನಾಲ್ಕು ಪಟ್ಟು ಗಂಧಕವಿದ್ದ ಬೆಲ್ಲ ಮಾವನದು. ಆ ಹೆಸರು ಎಲ್ಲಕ್ಕಿಂತ ಮೇಲಿತ್ತು.

ಯಾರೋ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರು. ಮರುದಿನವೇ ಪೇಟೆಯ ವ್ಯಾಪಾರಿ ಮಡಿವಾಳೆಪ್ಪನ ಗಾಡಿಯಿಂದ ಬೆಲ್ಲ ಇಳಿಸಿಕೊಳ್ಳದೆ ತಿರುಗಿಸಿ ಕಳಿಸಿದ.

ಅದೇ ಗಾಡಿ ಸೀದಾ ಕಾಲೇಜಿಗೆ ಬಂತು. ಮಡಿವಾಳೆಪ್ಪ ಬಡಿಗೆ ಹಿಡಿದು ಇಬ್ಬರು ಆಳುಗಳೊಂದಿಗೆ ಲ್ಯಾಬಿಗೆ ನುಗ್ಗಿದ. ಮೊದಲ ಏಟಿಗೆ ಬ್ಯುರೆಟ್ಟುಗಳ ಸಾಲು ಚೂರಾಯಿತು, ಎರಡನೆಯದಕ್ಕೆ ಆಸಿಡ್ಡಿನ ಬಾಟಲಿ ಒಡೆದು ನೆಲದಿಂದ ಹೊಗೆ ಎದ್ದಿತು. ಹುಡುಗಿಯರು ಕಿರುಚುತ್ತಾ ಹೊರಗೋಡಿದರು.

"ಸ್ವಂತ ಮಾಮಾನ ಮಾನ ಕಳದಿ! ನಿನ್ನ ಕೈ ಮುರದ ಹೋಗಾಂವ ನಾ!" ಎಂದು ಅವನು ರೇಣುವಿನ ಮೇಲೆ ಬಡಿಗೆ ಎತ್ತಿದ. ಶಾಹಿಸ್ತಾ ಮೇಡಂ ನಡುವೆ ಬಂದು ಕೈ ಅಡ್ಡ ಹಿಡಿದರು. ಏಟು ಆ ಕೈಗೆ ಬಿತ್ತು. ಎಲುಬು ಮುರಿದ ಸದ್ದು ರೇಣುವಿಗೆ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಅವಳಿಗೆ ಏನೂ ಕಾಣಲಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಸ್ಟ್ಯಾಂಡು ಬೀಸಿದಳು. ಮಾವನ ಕಿವಿ ಹರಿದು ಅಂಗಿ ಕೆಂಪಾಯಿತು. ಅವನು ಗಾಜಿನ ಚೂರುಗಳ ಮೇಲೆ ಬಿದ್ದಾಗಲೂ ಅದನ್ನು ಮತ್ತೆ ಎತ್ತಿದ್ದಳು. ಮೇಡಂ ನೋವಿನಲ್ಲೇ ಚೀರಿದರು: "ರೇಣು, ಸಾಕ! ಸಾಯತಾನ!" ಆಗ ಬಿಟ್ಟಳು.

ಪೊಲೀಸರಿಗೆ ಹೇಳಿದರೆ ಮಗಳ ಮೇಲೂ ಕೇಸು ಬೀಳುತ್ತದೆಂದು ಚನ್ನವ್ವ ಹೋಗಿ ಶಾಹಿಸ್ತಾ ಮೇಡಂ ಕಾಲಿಗೆ ಬಿದ್ದಳು, ಅಣ್ಣನ ಕಾಲಿಗೂ ಬಿದ್ದಳು. ಕಾಲೇಜಿನವರು ದೂರು ಕೊಡದೆ ಬಿಟ್ಟರು. ಮಡಿವಾಳೆಪ್ಪ ಕಿವಿಗೆ ಪಟ್ಟಿ ಸುತ್ತಿಕೊಂಡು ತಂಗಿಯ ಕಟ್ಟೆಯ ಮೇಲೆ ಕುಳಿತು ಒಂದೇ ಮಾತಿಗೆ ಗಂಟು ಬಿದ್ದ. "ಪರೀಕ್ಷಾದಾಗ ನಾ ಬಂದು ಕುಂದರತೇನಿ. ಎಲ್ಲಾರ ಮುಂದ, ಲೆಕ್ಕ ತಪ್ಪೇತಿ ಅಂತ ಆಕಿ ಹೇಳ್ಬೇಕು. ಹೇಳ್ಲಿಲ್ಲಂದ್ರ ನಿನಗ ತವರಮನಿ ಇಲ್ಲ, ಚನ್ನವ್ವ. ನಾ ಸತ್ತರೂ ಬರಬ್ಯಾಡ."

ಚನ್ನವ್ವನಿಗೆ ತವರೆಂದು ಈ ಭೂಮಿಯ ಮೇಲೆ ಉಳಿದದ್ದು ಆ ಒಬ್ಬ ಅಣ್ಣ, ಆ ಒಂದು ಮನೆ. "ಒಂದ ಮಾತ ಹೇಳಿಬಿಡವ್ವ, ನಿನ್ನ ಗಂಟೇನ ಹೋಗತೈತಿ?" ಎಂದು ಮಗಳ ಗದ್ದ ಹಿಡಿದಳು. ರೇಣು ಎದ್ದು ಮೇಡಂ ಮನೆಗೆ ಹೋದಳು. ಏನು ಮಾಡಲೆಂದು ಕೇಳಿದರೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅವರು, "ಕೈ ನಂದ ಮುರದೇತಿ, ಮನಿ ನಿಂದ ಮುರೀತೈತಿ. ನಾ ಏನೂ ಹೇಳೂದಿಲ್ಲ ನೋಡು," ಎಂದರು.

ಪರೀಕ್ಷೆಯ ದಿನ ಮಡಿವಾಳೆಪ್ಪ ಹೇಳಿದಂತೆಯೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಚನ್ನವ್ವ. ರೇಣು ಎಲ್ಲ ಒಪ್ಪಿಸಿದ ಮೇಲೆ ಪರೀಕ್ಷಕರು ಕನ್ನಡಕ ತೆಗೆದು, "ಈ ಕೆಲಸದಲ್ಲಿ ಏನಾದರೂ ತಪ್ಪಾಗಿದೆಯೇನಮ್ಮಾ?" ಎಂದರು.

"ಆಗೇತಿ ಸರ್."

ಮಾವ ಎದೆ ಸೆಟೆಸಿ ಕೂತ.

"ಗಾಣದವರ ಹೆಸರು ಹಾಕಬಾರದಿತ್ತು ಸರ್. ನಂಬಿ ಕೊಟ್ಟಿದ್ರು ಅವರು. ಅದು ನನ್ನ ತಪ್ಪು," ಎಂದು ರೇಣು ಹಿಂದಿನ ಬೆಂಚಿನ ಕಡೆ ತಿರುಗಿ ಕೈ ಮುಗಿದಳು. "ಲೆಕ್ಕ ಮಾತ್ರ ತಪ್ಪಿಲ್ಲ."

ಮಡಿವಾಳೆಪ್ಪ ಬೆಂಚನ್ನು ಒದ್ದು ಎದ್ದ. ತಂಗಿಯ ಮುಖ ಸಹ ನೋಡದೆ, "ಮುಗೀತು," ಎಂದಷ್ಟೇ ಹೇಳಿ ಹೊರಟುಹೋದ. ಚನ್ನವ್ವ ಸೆರಗು ಬಾಯಿಗೆ ತುರುಕಿಕೊಂಡು ಕೂತೇ ಇದ್ದಳು.

ನೇಸರಗಿ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕುಳಿತರು. ರೇಣು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಯಾರ ಮುಂದೆಯೂ ಅಳದ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಲೆಕ್ಕ ಖರೇನ ಐತೇನ?" ಚನ್ನವ್ವ ಕೇಳಿದಳು.

"ಖರೇ ಐತಿ ಯವ್ವಾ. ನಾಕ್ ಸಲ ಮಾಡಿ ನೋಡೇನಿ."

ಚನ್ನವ್ವ ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಮಗಳ ಕಪಾಳಕ್ಕೆ ಛಟೀರನೆ ಬಾರಿಸಿದಳು.

"ಹಂಗಾದ್ರ ಯಾಕ ಅಳತೀ?"