ಡಿ ಡ್ರೈವಿನ ತಿಪ್ಪೆ

ನನ್ನ ಕಂಪ್ಯೂಟರಿನಲ್ಲಿ ‘ಒಳ್ಳೆಯವು’ ಎಂಬ ಹೆಸರಿನ ಒಂದು ಫೋಲ್ಡರ್ ಇತ್ತು. ಈಗ ಅದನ್ನು ನೆನೆದರೆ ವಾಂತಿಗೆ ಮುಂಚೆ ಬರುವಂಥ ಹುಳಿನೀರು ಬಾಯಿಗೆ ಬರುತ್ತದೆ. ಆ ಹೆಸರು ಇಟ್ಟವನು ನಾನೇ.

ಎಸ್ಸೆಸ್ಸೆಲ್ಸಿ ಮುಗಿಸಿ ಹೊಸದುರ್ಗದಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡು ಬದುಕಿದವನು ನಾನು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರನ್ನು ಮನೆಗೆ ತಂದು ಪಡಸಾಲೆಯ ಮೂಲೆಯಲ್ಲಿಟ್ಟೆ. ಅರ್ಜಿ ಬರೆಸುವವರು ಬರುವುದು ನಿಂತಿತು, ಫೋನಿಗೆ ವಿಡಿಯೋ ಬರುವುದು ಶುರುವಾಯಿತು. ಅಪಘಾತದಲ್ಲಿ ಚೆಲ್ಲಾಪಿಲ್ಲಿಯಾದ ಮೈಗಳು, ಯಾರನ್ನೋ ಕಂಬಕ್ಕೆ ಕಟ್ಟಿ ಬಡಿಯುವುದು, ಮೂಲವ್ಯಾಧಿಗೆ ಮನೆಮದ್ದು, ಮುಸಲ್ಮಾನರ ಮೇಲೆ ಹುಟ್ಟಿಸಿದ ಕಥೆಗಳು. ಫೋನು ತುಂಬಿದಾಗಲೆಲ್ಲ ವೈರು ಸಿಕ್ಕಿಸಿ ಎಲ್ಲವನ್ನೂ ಕಂಪ್ಯೂಟರಿನ ಡಿ ಡ್ರೈವಿನಲ್ಲಿದ್ದ ಆ ‘ಒಳ್ಳೆಯವು’ ಫೋಲ್ಡರಿಗೆ ಸುರಿಯುತ್ತಿದ್ದೆ. ನನ್ನ ಹೆಂಡತಿಯ ತವರು ತಾಳ್ಯದಲ್ಲಿ ಮನೆಗೊಂದು ತಿಪ್ಪೆ ಇರುತ್ತದೆ. ಅದಾದರೂ ವರ್ಷಕ್ಕೊಮ್ಮೆ ಗಾಡಿಯೇರಿ ಹೊಲಕ್ಕೆ ಹೋಗಿ ಗೊಬ್ಬರವಾಗುತ್ತದೆ. ನನ್ನ ತಿಪ್ಪೆ ಬರೀ ಬೆಳೆಯಿತು.

ಹೆಂಡತಿಗೆ ಓದು ಬರದು. ಅವಳ ಪಾಲಿಗೆ ಫೋನೆಂದರೆ ದನಿ. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ಬಹಳ ವರ್ಷ ಇದ್ದ ಟೈಲರ್ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಚಿತ್ರದುರ್ಗದ ಮಗಳ ಮನೆಗೆ ಹೋಗಿ ನೆಲೆಸಿದರು. ಅಂದಿನಿಂದ ಆಕೆಯ ಮತ್ತು ಇವಳ ಮಾತೆಲ್ಲ ವಾಯ್ಸ್ ಮೆಸೇಜಿನಲ್ಲೇ. ಹಿತ್ತಲ ಗೋಡೆಯಾಚೆಗೆ ಕೂಗಿ ರೂಢಿಯಾದವರು, ಫೋನಿಗೂ ಹಾಗೇ ಕೂಗುತ್ತಿದ್ದರು. ಆಕೆಗೆ ಇವಳು ಅಕ್ಕ.

“ಅಕ್ಕಾ, ಉಂಡ್ರಾ? ಏನ್ ಸಾರು?”

“ಹುಳ್ಳಿಕಾಳು ಬಸ್ಸಾರು ಕಣೇ. ನಿನ್ ಗಂಡ ಎದ್ದಾನಾ, ಇಲ್ಲ ಇನ್ನೂ ಬಿದ್ಕಂಡಾನಾ?”

“ಎದ್ದು ಏನ್ ಕಡಿದು ಗುಡ್ಡೆ ಹಾಕ್ಬೇಕೈತೆ, ಮಲಗ್ಲಿ ಬಿಡ್ರಿ!”

ಇಂಥವೇ, ನೂರಾರು. ಹೆಂಡತಿಯ ಫೋನಿನಲ್ಲಿ ಜಾಗ ಮುಗಿಯಿತು. ಅದಕ್ಕೂ ಕಾರಣ ನಾನೇ. ನನಗೆ ಬಂದ ಕೊಳಕನ್ನೆಲ್ಲ ಅವಳ ಫೋನಿಗೂ ತಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಫೋನಿನ ಬ್ಯಾಕಪ್ ತೆಗೆದು ಕಂಪ್ಯೂಟರಿನಲ್ಲಿಟ್ಟು, ಫೋನಿನಿಂದ ಹಳೆಯ ದನಿಗಳನ್ನೆಲ್ಲ ಅಳಿಸಿ, “ಎಲ್ಲಾ ಕಂಪ್ಯೂಟರಿನಾಗೆ ಭದ್ರ ಅವೆ” ಎಂದು ಭರವಸೆ ಕೊಟ್ಟೆ. ಕೆಲವು ತಿಂಗಳ ನಂತರ ಇನ್ನೊಂದು ಬ್ಯಾಕಪ್ ತೆಗೆದೆ. ಮೊದಲನೆಯದಕ್ಕೆ ‘ಹಳೇದು’, ಎರಡನೆಯದಕ್ಕೆ ‘ಹೊಸದು’ ಎಂದು ಹೆಸರಿಟ್ಟೆ.

ಸಾಹೇಬರ ಹೆಂಡತಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಇವಳು ದಿನವೂ ಅಡುಗೆಮನೆ ಹೊಸ್ತಿಲಲ್ಲಿ ಕುಳಿತು, ಫೋನಿನಲ್ಲಿ ಉಳಿದಿದ್ದ ದನಿ ಹಚ್ಚಿಕೊಂಡು ಕೇಳುತ್ತಿದ್ದಳು. ಹಾಗೆ ಕೇಳುತ್ತಲೇ ಪಾತ್ರೆ ತೊಳೆಯುವಾಗ ಫೋನು ನೀರಿನ ಡ್ರಮ್ಮಿಗೆ ಬಿತ್ತು. ಮತ್ತೆ ಹೊತ್ತಿಕೊಳ್ಳಲಿಲ್ಲ.

ಹೊಸ ಫೋನು ತಂದೆ. ಬ್ಯಾಕಪ್ ಹಾಕಿಕೊಡಲು ಕಂಪ್ಯೂಟರಿನ ಮುಂದೆ ಕುಳಿತರೆ ಇವಳು ಬೆನ್ನಹಿಂದೆ ನಿಂತಳು.

“ಬರ್ತಾವಾ?”

“ಬರ್ತಾವೆ ಇರು.”

“ಎಲ್ಲಾ ಬರ್ತಾವಾ? ಅವ್ಳು ಹಾಡು ಹೇಳಿದ್ದು, ಸೇವಂತಿಗೆ ಸಸಿಗೆ ಬೈದಿದ್ದು?”

“ಎಲ್ಲಾ ಅಂದ್ನಲ್ಲ. ತಲೆ ತಿನ್ಬ್ಯಾಡ, ಹೋಗು.”

ಅವಳು ಹೋದಳು. ಪರದೆಯ ಮೇಲೆ ಬಂದದ್ದು ಬೇರೆ. ಡ್ರೈವಿನಲ್ಲಿ ಜಾಗ ಸಾಲದು. ಬ್ಯಾಕಪ್ ಬಿಚ್ಚಿಕೊಳ್ಳಲು ಅದರಷ್ಟೇ ಖಾಲಿ ಜಾಗ ಬೇಕು, ಏನಾದರೂ ಅಳಿಸು.

‘ಒಳ್ಳೆಯವು’ ತೆರೆದೆ. ಒಂದೆರಡು ನೋಡಿದೆ. ಅಳಿಸಲು ಮನಸ್ಸು ಬರಲಿಲ್ಲ. ಸಂಗ್ರಹ, ಎಂದಾದರೂ ಬೇಕಾಗುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅವುಗಳನ್ನು ನೋಡುವಾಗ ನನ್ನೊಳಗೆ ಏನೋ ಬೆಚ್ಚಗಾಗುತ್ತಿತ್ತು. ಆ ಸುಖವನ್ನು ಬಿಡಲಾಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ‘ಹಳೇದು’. ಹೊಸದರಲ್ಲಿ ಹಳೆಯದೂ ಸೇರಿರುತ್ತದಲ್ಲ, ಎರಡೇಕೆ? ನಡುವೆ ನಾನೇ ಅವಳ ಫೋನಿನಿಂದ ಹಳೆಯ ದನಿಗಳನ್ನು ಅಳಿಸಿದ್ದು ನೆನಪಾಗಲಿಲ್ಲ. ಅಳಿಸಿದೆ. ಆದರೂ ಜಾಗ ಆಗಲಿಲ್ಲ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕುಳಿತಿತ್ತು. ಪೂರ್ತಿಯಾಗಿ ತೆಗೆದುಹಾಕಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದೆ. ಯಂತ್ರಕ್ಕೆ ಇದ್ದ ಅನುಮಾನವೂ ನನಗಿರಲಿಲ್ಲ.

ಹೊಸ ಫೋನಿಗೆ ಎಲ್ಲ ಬಂತು. ಹೆಂಡತಿ ಹಚ್ಚಿದಳು, ಕೇಳಿದಳು, ಮೇಲಕ್ಕೆ ಸರಿಸಿದಳು.

“ಇವು ಕೊನೇವು. ಹಿಂದಿನವು ಎಲ್ಲಿ?”

ಆಗ ತಿಳಿಯಿತು. ಹಿಂದಿನವು ಇದ್ದದ್ದು ನಾನು ಅಳಿಸಿದ ‘ಹಳೇದು’ ಬ್ಯಾಕಪ್ಪಿನಲ್ಲಿ. ಬಾಯಿ ಮಾತ್ರ ತಡಮಾಡದೆ ಹೇಳಿತು: “ನೀರಿಗೆ ಬೀಳ್ಸಿದ್ಯಲ್ಲ, ಹೋಗ್ಯಾವೆ.”

ಅವಳು ನಂಬಿದಳು. ಈ ಕೈಗೆ ಏನು ಬಂದಿತ್ತೋ ಎಂದು ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು. ಅದೇ ಕೈಯಲ್ಲಿ ರೊಟ್ಟಿ ತಟ್ಟಿ ಹಾಕಿದಳು. ನಾನು ಉಂಡೆ. ಮರುದಿನವೂ, ಅದರ ಮರುದಿನವೂ ಉಂಡೆ. ಮಾಡಿದ್ದಕ್ಕಿಂತ ಈ ಊಟಗಳನ್ನು ನೆನೆದರೆ ನನಗೆ ಹೆಚ್ಚು ಹೇಸಿಗೆ.

ಅವಳು ಉಳಿದ ಕೆಲವು ದನಿಗಳನ್ನೇ ಮತ್ತೆ ಮತ್ತೆ ಹಚ್ಚುತ್ತಿದ್ದಳು. ಅದರಲ್ಲಿ ಒಂದು ಹೀಗಿತ್ತು:

“ಅಕ್ಕಾ, ನಿಮ್ ಫೋನಿಂದ ಏನೋ ಬಂದೈತೆ ನಂಗೆ. ಮನೇರು ಕೈ ತಪ್ಪಿ ಒತ್ತಿರ್ಬೇಕು. ಇರ್ಲಿ ಬಿಡ್ರಿ. ಮೆಣಸಿನ್ಕಾಯಿ ಒಣಗಿದ್ವಾ?”

ಅದು ಬಂದಾಗಲೇ ಹೆಂಡತಿ ಏನು ಕಳಿಸಿದಿರಿ ಎಂದು ಕೇಳಿದ್ದಳು. ಯಾವುದೋ ಅಡುಗೆ ವಿಡಿಯೋ ಎಂದಿದ್ದೆ. ಒಂದು ಅರ್ಥದಲ್ಲಿ ಅಡುಗೆಯದೇ. ಯಾವುದೋ ಊರಿನ ಹೋಟೆಲಿನಲ್ಲಿ ಮುಸಲ್ಮಾನರು ಅನ್ನಕ್ಕೆ ಉಗುಳಿ ಬಡಿಸುತ್ತಾರೆ ಎಂಬ ವಿಡಿಯೋ. ಅದನ್ನು ನೋಡಿದ ವರ್ಷ, ಹಬ್ಬಕ್ಕೆ ಗೋಡೆಯಾಚೆಯಿಂದ ಎಂದಿನಂತೆ ಬಂದ ಸುರಕುಂಬವನ್ನು, ಆ ಶಾವಿಗೆ ಪಾಯಸವನ್ನು, ಸಕ್ಕರೆ ಕಾಯಿಲೆಯ ನೆಪ ಹೇಳಿ ಮುಟ್ಟಿರಲಿಲ್ಲ. ಅವರು ಚಿತ್ರದುರ್ಗಕ್ಕೆ ಹೋದ ಮೇಲೆ ಅದೇ ವಿಡಿಯೋ ಮತ್ತೆ ಬಂತು. ಹೆಂಡತಿಯ ಫೋನಿನಿಂದ ಅವಳಿಗೆ ಪರಿಚಯವಿದ್ದ ಎಲ್ಲರಿಗೂ ಒಮ್ಮೆಗೇ ತಳ್ಳಿದೆ, ಹೆಸರು ನೋಡದೆ. ಕೈ ತಪ್ಪಿದ್ದಲ್ಲ.

ಆ ದನಿಯನ್ನು ದಿನವೂ ಕೇಳಿ ಕೇಳಿ ಕೊನೆಗೊಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ.

“ಯಾವ್ದನ್ನ ಉಳ್ಸಾಕೆ ಅವ್ಳನ್ನ ಅಳಿಸ್ದೆ? ತೋರ್ಸು.”

ಮದುವೆಯಾದಂದಿನಿಂದ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ‘ಒಳ್ಳೆಯವು’ ತೆರೆದೆ. ಒಂದಾದ ಮೇಲೊಂದು ಹಚ್ಚಿದೆ. ಅವಳು ಎವೆಯಿಕ್ಕದೆ ನೋಡಿದಳು. ಉಗುಳಿನದು ಬಂದಾಗ ಕೇಳಿದಳು, “ಇದೇನಾ ಅವ್ಳಿಗೆ ಹೋಗಿದ್ದು?” ತಲೆಯಾಡಿಸಿದೆ. ಎದ್ದು ಹಿತ್ತಲಿಗೆ ಹೋದಳು. ಏನನ್ನೂ ಮುಟ್ಟಿರದಿದ್ದರೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ನಾನು ಅಲ್ಲೇ ಕುಳಿತು ಫೋಲ್ಡರನ್ನು ಪೂರ್ತಿ ಅಳಿಸಿದೆ, ಬುಟ್ಟಿಯನ್ನೂ ಖಾಲಿ ಮಾಡಿದೆ. ಡಿ ಡ್ರೈವಿನಲ್ಲಿ ಬೇಕಾದಷ್ಟು ಜಾಗವಾಯಿತು. ಅಲ್ಲಿ ಇಡಲು ಏನೂ ಇರಲಿಲ್ಲ.

ಹಿತ್ತಲಿನಿಂದಲೇ ಹೆಂಡತಿ ಕೇಳಿದಳು, “ಅವ್ಳು ಕಳ್ಸಿದ್ದು ಅವ್ಳ ಫೋನಿನಾಗೂ ಇರ್ತೈತಲ್ಲ?”

ಇರುತ್ತದೆ. ನನಗೆ ಹೊಳೆದಿರಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು. ಆ ಫೋನು ಇದ್ದದ್ದು ಸಾಹೇಬರ ಹತ್ತಿರ.

“ನೀನೇ ಹೋಗಿ ಕೇಳು. ಯಾಕೆ ಬೇಕು ಅಂತಾನೂ ಹೇಳು.”

ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಯಾವುದೂ ನಿಲ್ಲಲಿಲ್ಲ. ಸಾಹೇಬರು ಮಗಳ ಮನೆಯ ಜಗಲಿಯಲ್ಲಿ ದಿಂಬಿನ ಕವರು ಹೊಲಿಯುತ್ತಿದ್ದರು.

“ಬರ್ರಿ ಬರ್ರಿ, ಕುಂತ್ಕಳ್ರಿ. ಅಕ್ಕ ಬರ್ಲಿಲ್ವಾ?”

ಕೂತು ಹೇಳಿದೆ. ಬ್ಯಾಕಪ್ಪು, ವಿಡಿಯೋ, ಸುರಕುಂಬ, ಎಲ್ಲ. ಅವರು ದಾರ ಕತ್ತರಿಸುತ್ತಲೇ ಕೇಳಿದರು.

“ಗೊತ್ತು ಬಿಡ್ರಿ.”

“ಏನ್ ಗೊತ್ತು?”

“ಯಾರ ಕೆಲ್ಸ ಅಂತ. ಆಕೆ ಅವತ್ತೇ ತೋರ್ಸಿದ್ಲು. ಅಕ್ಕಂಗೆ ಗೊತ್ತಾಗಾದು ಬ್ಯಾಡ, ಮನ್ಯಾಗೆ ಜಗಳ ಆಗ್ತೈತೆ ಅಂದ್ಲು. ಅದ್ಕೇ ಕೈ ತಪ್ಪಿದ್ದು ಅಂತ ಹೇಳಿ ಮುಚ್ಚಿದ್ಲು.”

ಅವರು ದಾರದ ತುದಿಯನ್ನು ಬಾಯಲ್ಲಿಟ್ಟು ತೇವ ಮಾಡಿ, ಸೂಜಿಗೆ ಪೋಣಿಸಿ, ನನ್ನನ್ನು ನೋಡಿ ನಕ್ಕರು.

“ನಿಮ್ ಮದ್ವೆ ಅಂಗಿಯಿಂದ ಹಿಡ್ದು ಎಲ್ಲಾನೂ ಹಿಂಗೇ ಉಗುಳು ಹಚ್ಚೇ ಹೊಲ್ದಿದ್ದು ಕಣ್ರಿ. ಅದನ್ಯಾಕೆ ಯಾರೂ ವಿಡಿಯೋ ಮಾಡ್ಲಿಲ್ಲ?”

ನನ್ನ ಮೈಮೇಲಿದ್ದ ಅಂಗಿಯೂ ಅವರೇ ಹೊಲಿದದ್ದು. ಅವರು ಒಳಗೆ ಹೋಗಿ, ಕರವಸ್ತ್ರದಲ್ಲಿ ಸುತ್ತಿದ್ದ ಫೋನು ತಂದು ನನ್ನ ಕೈಗೆ ಕೊಟ್ಟರು. “ತಗಂಡೋಗಿ ಇಳಿಸ್ಕಂಡು ತಂದ್ಕೊಡ್ರಿ. ನಾನೂ ಕೇಳ್ತಿರ್ತೀನಿ ಅದ್ನ” ಎಂದರು. ಕ್ಷಮಿಸಿದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಆ ಫೋನಿನಲ್ಲಿದ್ದ ಅವರಿಬ್ಬರ ಮಾತುಕತೆಯನ್ನು ಪೂರ್ತಿಯಾಗಿ ಡಿ ಡ್ರೈವಿಗೆ ಇಳಿಸಿದೆ. ಹಾಡು ಬಂತು, ಸೇವಂತಿಗೆ ಸಸಿಗೆ ಬೈದದ್ದು ಬಂತು, ಬಸ್ಸಾರು ಬಂತು. ತನ್ನ ಸರದಿಯಲ್ಲಿ ನಾನು ತಳ್ಳಿದ ವಿಡಿಯೋವೂ ಬಂತು. ಅವರು ಅದನ್ನು ಅಳಿಸಿರಲಿಲ್ಲ. ಅದನ್ನು ತೆಗೆಯಲು ಮೌಸಿಗೆ ಕೈ ಹಾಕಿದೆ.

“ಇರ್ಲಿ” ಎಂದಳು ಹೆಂಡತಿ. “ಅದು ಹೋದ್ರೆ, ಅವ್ಳು ಯಾವ್ದಕ್ಕೆ ಇರ್ಲಿ ಬಿಡ್ರಿ ಅಂದ್ಲು ಅಂತ ಹೆಂಗೆ ತಿಳೀತೈತೆ?”

ಈಗಲೂ ಅವಳು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾಳೆ. ಆ ವಿಡಿಯೋದ ಜಾಗ ಬರುತ್ತದೆ ಎಂದು ಗೊತ್ತಾದಾಗ ನನಗೆ ಎದ್ದು ಹೊರಗೆ ಹೋಗಬೇಕೆನಿಸುತ್ತದೆ. ಹೋಗುವುದಿಲ್ಲ. ಮೆಣಸಿನಕಾಯಿ ಒಣಗಿದವಾ ಎಂದು ಆಕೆ ಕೇಳುವವರೆಗೆ ಕುಳಿತೇ ಇರುತ್ತೇನೆ.